ಗೋಬರ್ ಗ್ಯಾಸ್ ನಿಂತುಹೋಗಿದೆಯೇ? ತೊಟ್ಟಿ ಖಾಲಿ ಮಾಡಿಸುವ ಮೊದಲು ದೋಷ ಎಲ್ಲಿದೆ ನೋಡಿ

"ಗ್ಯಾಸ್ ಬರ್ತಿಲ್ಲ." ಶಿಡ್ಲಘಟ್ಟ, ಚಿಂತಾಮಣಿ ಕಡೆ ಗೋಬರ್ ಗ್ಯಾಸ್ ರಿಪೇರಿಗೆ ಕರೆಯುವವರು ಹೇಳುವುದು ಇಷ್ಟೇ. ಆದರೆ ಈ ಒಂದು ಮಾತಿನ ಹಿಂದೆ ಹತ್ತು ತರಹದ ತೊಂದರೆ ಇರುತ್ತದೆ. ಕೆಲವು ಮನೆಗಳಲ್ಲಿ ತೊಟ್ಟಿಯ ತುಂಬ ಗ್ಯಾಸ್ ಇರುತ್ತದೆ, ಪೈಪಿನಲ್ಲಿ ಒಂದು ಲೋಟ ನೀರು ನಿಂತು ದಾರಿ ಕಟ್ಟಿರುತ್ತದೆ. ಕೆಲವು ಕಡೆ ಗ್ಯಾಸ್ ಚೆನ್ನಾಗಿಯೇ ಹುಟ್ಟುತ್ತದೆ, ತೊಟ್ಟಿಯ ಮೇಲಿನ ಗುಮ್ಮಟದ, ಅಂದರೆ ಡೋಮಿನ, ತುದಿಯ ಜೋಡಣೆಯಲ್ಲಿ ಸೋರಿಹೋಗುತ್ತದೆ. ಇನ್ನು ಕೆಲವು ಕಡೆ ನಿಜವಾಗಿಯೂ ತೊಟ್ಟಿಯೇ ಕೆಟ್ಟಿರುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ. ಆದರೆ ಮನೆಯವರು ಮೂರಕ್ಕೂ ಒಂದೇ ಮದ್ದು ಯೋಚಿಸಿರುತ್ತಾರೆ: "ತೊಟ್ಟಿ ಪೂರ್ತಿ ಬಗೆಸಿ, ಹೊಸದಾಗಿ ಸಗಣಿ ತುಂಬಿಸೋಣ."

ದಯವಿಟ್ಟು ಅವಸರ ಮಾಡಬೇಡಿ. ತುಂಬಿದ ತೊಟ್ಟಿಯಲ್ಲಿ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ವರ್ಷಗಟ್ಟಲೆ ಬೆಳೆದು ನೆಲೆ ನಿಂತಿರುತ್ತವೆ. ಅದನ್ನು ತೆಗೆದು ಸುರಿದರೆ ಮತ್ತೆ ಮೊದಲಿನಿಂದ ಶುರು. 2 ಘನ ಮೀಟರ್ ಸ್ಥಾವರ ಮತ್ತೆ ತುಂಬಲು ಸುಮಾರು 2 ಟನ್ ಸಗಣಿ, ಅಷ್ಟೇ ನೀರು ಬೇಕು. ಎರಡು ಹಸು ಇಟ್ಟುಕೊಂಡವರು ಅಷ್ಟು ಸಗಣಿ ಕೂಡಿಡಲು ಎರಡು ತಿಂಗಳ ಮೇಲೆ ಹಿಡಿಯುತ್ತದೆ. ತೊಟ್ಟಿಗೆ ಇಳಿದವರ ಜೀವಕ್ಕೂ ಅಪಾಯ. ಅದರ ಬಗ್ಗೆ ಮುಂದೆ ಬಿಡಿಸಿ ಬರೆದಿದ್ದೇನೆ, ಅದನ್ನು ಮಾತ್ರ ಬಿಟ್ಟು ಓದಬೇಡಿ.

ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಹಳ್ಳಿಗಳಲ್ಲಿ ಜಾಸ್ತಿ ಇರುವುದು ದೀನಬಂಧು ಮಾದರಿ. ನೆಲದೊಳಗೆ ಇಟ್ಟಿಗೆಯ ಡೋಮ್, ಒಂದು ಕಡೆ ಸಗಣಿ ಕಲಸುವ ತೊಟ್ಟಿ, ಇನ್ನೊಂದು ಕಡೆ ಚಪ್ಪಡಿ ಮುಚ್ಚಿದ ಔಟ್‌ಲೆಟ್. ಬಾಗೇಪಲ್ಲಿ ಸುತ್ತಮುತ್ತ ಮನೆಗೊಂದು 2 ಘನ ಮೀಟರ್‌ನಂತೆ 5,500 ಸ್ಥಾವರ ಕಟ್ಟುವ, ಇಂಗಾಲದ ಹೊಗೆ ಕಮ್ಮಿ ಮಾಡುವ ಕಾರ್ಬನ್ ಯೋಜನೆ 2005ರಲ್ಲಿ ನೋಂದಣಿಯಾಯಿತು. ಹಾಗಾಗಿ ಇಲ್ಲಿ ಬರೆದಿರುವುದು ಮುಖ್ಯವಾಗಿ 2 ಘನ ಮೀಟರ್ ದೀನಬಂಧುವಿಗೆ. ಡೋಮಿನ ಬದಲು ಮೇಲೆ ಕೆಳಗೆ ಆಡುವ ಕಬ್ಬಿಣದ ಡ್ರಮ್ ಇರುವವರಿಗೆ ಕೊನೆಯ ಕಡೆ ಸ್ವಲ್ಪ ಹೇಳಿದ್ದೇನೆ.

ಮೊದಲು ಲೆಕ್ಕ ಸರಿ ಇದೆಯೇ ನೋಡಿ

ಕೆಲವು ಸಲ ದೋಷವೇ ಇರುವುದಿಲ್ಲ. ಸಗಣಿಯ ಲೆಕ್ಕ ತಪ್ಪಿರುತ್ತದೆ ಅಷ್ಟೆ.

2 ಘನ ಮೀಟರ್ ಅಂದರೆ ಗುಂಡಿಯ ಅಳತೆ ಅಂತ ಹಲವರು ತಿಳಿದಿದ್ದಾರೆ. ಅದು ಒಂದು ದಿನಕ್ಕೆ ಬರಬೇಕಾದ ಗ್ಯಾಸಿನ ಅಳತೆ. ಅಷ್ಟು ಬರಬೇಕಾದರೆ ದಿನಕ್ಕೆ 50 ಕೆಜಿ ಹಸಿ ಸಗಣಿ ಹಾಕಬೇಕು. ಒಂದು ಕೆಜಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್ ಬರುತ್ತದೆ. ಕಟ್ಟಿಸಿದಾಗ ನಾಲ್ಕು ಹಸು ಇದ್ದವು, ಈಗ ಎರಡಕ್ಕೆ ಇಳಿದಿವೆ ಅಂದುಕೊಳ್ಳಿ. ಸೀಮೆ ಹಸು ಒಂದಕ್ಕೆ 15 ಕೆಜಿ ಅಂತ ಹಿಡಿದರೂ 30 ಕೆಜಿ ಆಯಿತು, ಅಂದರೆ 1.2 ಘನ ಮೀಟರ್ ಗ್ಯಾಸ್. ಮನೆಯ ಒಲೆ ಒಂದು ಗಂಟೆಗೆ ಸುಮಾರು 0.45 ಘನ ಮೀಟರ್ ಉರಿಸುತ್ತದೆ. ಅಲ್ಲಿಗೆ ದಿನಕ್ಕೆ ಎರಡೂವರೆ ಗಂಟೆ ಉರಿ. ಐದು ಜನರ ಅಡುಗೆಗೆ ಇದು ಸಾಕು. ತಿಂಗಳಿಗೆ ಲೆಕ್ಕ ಹಾಕಿದರೆ ಒಂದು 14.2 ಕೆಜಿ ಸಿಲಿಂಡರ್‌ಗಿಂತ ತುಸು ಜಾಸ್ತಿಯೇ ಉಳಿತಾಯ. ಆದರೆ ಅದೇ ಒಲೆಯಲ್ಲಿ ಎಲ್ಲರ ಸ್ನಾನಕ್ಕೂ ನೀರು ಕಾಯಿಸಿದರೆ ಸಂಜೆಗೆ ಏನೂ ಉಳಿಯುವುದಿಲ್ಲ. ಅದು ಸ್ಥಾವರದ ತಪ್ಪಲ್ಲ.

ಇನ್ನೊಂದು ವಿಷಯ. ದೀನಬಂಧು ಡೋಮಿನಲ್ಲಿ ಒಂದು ದಿನದ ಗ್ಯಾಸಿನ ಮೂರನೇ ಒಂದು ಪಾಲು ಮಾತ್ರ ಹಿಡಿಯುತ್ತದೆ. ಬೆಳಗ್ಗೆ ಒಲೆ ಹಚ್ಚದೆ ಮದುವೆಗೋ ಜಾತ್ರೆಗೋ ಹೋದರೆ ಆ ದಿನದ ಗ್ಯಾಸು ಮರುದಿನಕ್ಕೆ ಕೂಡುವುದಿಲ್ಲ. ತುಂಬಿದ ಮೇಲೆ ಹೆಚ್ಚಾದದ್ದು ಔಟ್‌ಲೆಟ್ ಕಡೆಯಿಂದ ಗುಳುಗುಳು ಅಂತ ಹೊರಗೆ ಹೋಗುತ್ತದೆ. "ನಿನ್ನೆ ಉರಿಸಲೇ ಇಲ್ಲ, ಆದರೂ ಇವತ್ತು ಅಷ್ಟೇ ಬಂತು" ಅನ್ನುವವರಿಗೆ ಉತ್ತರ ಇದು.

ಸೀಮೆಸುಣ್ಣದ ಗೆರೆ

ಲೆಕ್ಕ ಸರಿ ಇದ್ದೂ ಉರಿ ಇಲ್ಲ ಅಂದರೆ ಮುಂದಿನ ಕೆಲಸ ದೋಷ ತೊಟ್ಟಿಯಲ್ಲಿದೆಯೋ, ಪೈಪಿನಲ್ಲಿದೆಯೋ, ಒಲೆಯಲ್ಲಿದೆಯೋ ಅಂತ ಬೇರೆ ಮಾಡುವುದು. ಇದಕ್ಕೆ ಯಾವ ಯಂತ್ರವೂ ಬೇಡ. ಒಂದು ಸೀಮೆಸುಣ್ಣದ ತುಂಡು ಸಾಕು.

ದೀನಬಂಧು ಕೆಲಸ ಮಾಡುವ ರೀತಿ ನೆನಪಿಟ್ಟುಕೊಳ್ಳಿ. ಡೋಮಿನಲ್ಲಿ ಗ್ಯಾಸ್ ಕೂಡಿದಂತೆ ಅದು ಒಳಗಿನ ಬಗ್ಗಡವನ್ನು, ಅಂದರೆ ನೀರಿನಲ್ಲಿ ಕಲಸಿದ ಸಗಣಿಯನ್ನು, ಕೆಳಗೆ ಒತ್ತುತ್ತದೆ. ಒತ್ತಿದ ಬಗ್ಗಡ ಔಟ್‌ಲೆಟ್ ತೊಟ್ಟಿಯಲ್ಲಿ ಮೇಲೇರುತ್ತದೆ. ಒಲೆ ಉರಿಸಿದಂತೆ ಮತ್ತೆ ಕೆಳಗಿಳಿಯುತ್ತದೆ. ಅಂದರೆ ಔಟ್‌ಲೆಟ್ಟಿನ ಮಟ್ಟವೇ ನಿಮ್ಮ ಗ್ಯಾಸ್ ಮೀಟರ್.

ರಾತ್ರಿ ಅಡುಗೆ ಮುಗಿದ ಮೇಲೆ ಒಲೆಯ ನಲ್ಲಿ ಮುಚ್ಚಿ. ಡೋಮಿನ ತುದಿಯಲ್ಲಿರುವ ಮೇನ್ ವಾಲ್ವನ್ನೂ ಮುಚ್ಚಿ. ಔಟ್‌ಲೆಟ್ಟಿನ ಒಂದು ಚಪ್ಪಡಿ ಮಾತ್ರ ಸರಿಸಿ, ಬಗ್ಗಡ ಎಲ್ಲಿದೆಯೋ ಅಲ್ಲಿ ಗೋಡೆಗೆ ಗೆರೆ ಎಳೆಯಿರಿ. ಬ್ಯಾಟರಿ ಟಾರ್ಚ್ ಇರಲಿ, ಬೀಡಿ ಬೆಂಕಿಕಡ್ಡಿ ಹತ್ತಿರವೂ ಬೇಡ. ಮಕ್ಕಳು, ಕರುಗಳು ಓಡಾಡುವ ಜಾಗ, ಚಪ್ಪಡಿ ತಕ್ಷಣ ಮುಚ್ಚಿ. ಬೆಳಗ್ಗೆ ಒಲೆ ಹಚ್ಚುವ ಮೊದಲು ಮತ್ತೆ ನೋಡಿ.

ಬಗ್ಗಡ ಹೊರಗೆ ಹರಿಯುವ ಮೇಲಿನ ತೂಬಿನವರೆಗೆ ಅದು ಏರಿದ್ದರೆ ತೊಟ್ಟಿ ಚೆನ್ನಾಗಿದೆ. ಗ್ಯಾಸ್ ಇದೆ. ಅದು ಒಲೆಗೆ ಬರುತ್ತಿಲ್ಲ. ಪೈಪು, ಒಲೆ ನೋಡಿ. ತೊಟ್ಟಿಯನ್ನು ಮುಟ್ಟಲೇಬೇಡಿ.

ಅರ್ಧಕ್ಕೆ ಏರಿ ನಿಂತಿದ್ದರೆ ಎರಡು ಕಾರಣ ಇರಬಹುದು. ಗ್ಯಾಸ್ ಕಮ್ಮಿ ಹುಟ್ಟುತ್ತಿರಬಹುದು, ಇಲ್ಲವೇ ಡೋಮಿನಲ್ಲಿ ಬಿರುಕು ಇರಬಹುದು. ಇದನ್ನು ಬಿಡಿಸಲು ಒಂದು ಹಗಲು ಒಲೆ ಹಚ್ಚದೆ, ಎರಡು ಗಂಟೆಗೊಮ್ಮೆ ಗೆರೆ ಹಾಕುತ್ತಾ ಹೋಗಿ. ಗೆರೆಗಳು ಇಡೀ ದಿನ ನಿಧಾನವಾಗಿ ಒಂದರ ಮೇಲೊಂದು ಏರುತ್ತಿದ್ದರೆ ಗ್ಯಾಸ್ ಹುಟ್ಟುವುದೇ ಕಮ್ಮಿ. ಮೊದಲು ಬೇಗ ಬೇಗ ಏರಿ, ಒಂದು ಮಟ್ಟಕ್ಕೆ ಬಂದು ಅಲ್ಲೇ ಅಂಟಿಕೊಂಡರೆ, ಮರುದಿನವೂ ಅದೇ ಮಟ್ಟಕ್ಕೆ ನಿಂತರೆ, ಬಿರುಕು. ಯಾಕೆ ಅಂದರೆ ಒಳಗೆ ಬಗ್ಗಡ ಕೆಳಗಿಳಿದಂತೆ ಡೋಮಿನ ಗೋಡೆ ಮೇಲಿನಿಂದ ಕೆಳಕ್ಕೆ ಬಯಲಾಗುತ್ತದೆ. ಬಗ್ಗಡ ಬಿರುಕಿನ ಕೆಳಗೆ ಇಳಿದ ಕ್ಷಣದಿಂದ ಹುಟ್ಟಿದ್ದೆಲ್ಲ ಅಲ್ಲಿಂದಲೇ ಹೊರಗೆ. ಬೇಗ ನಿಂತರೆ ಬಿರುಕು ಡೋಮಿನ ಮೇಲ್ಭಾಗದಲ್ಲಿದೆ, ತಡವಾಗಿ ನಿಂತರೆ ಕೆಳಗಿದೆ. ಗಾರೆಯವರಿಗೆ ಎಲ್ಲಿ ಹುಡುಕಬೇಕು ಅಂತ ಹೇಳಲು ಇದು ತುಂಬ ಅನುಕೂಲ.

ಒಂದಿಷ್ಟೂ ಏರದಿದ್ದರೆ? ತುದಿಯಲ್ಲೇ ಸೋರುತ್ತಿದೆ, ಇಲ್ಲವೇ ತೊಟ್ಟಿ ಸತ್ತಿದೆ. ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಗೆ ಮುಕ್ಕಾಲು ಭಾಗ ಔಟ್‌ಲೆಟ್ಟಿನ ಬಗ್ಗಡ ತುಂಬಿ. ಮೇಲಿನ ಒಣಕಲು ಬೇಡ, ಕೋಲಿನಿಂದ ಕದಡಿ ಆಳದ್ದು ತೆಗೆದುಕೊಳ್ಳಿ. ಬಾಯಿಗೆ ಬಲೂನು ಬಿಗಿಯಾಗಿ ಕಟ್ಟಿ ಬೆಚ್ಚಗಿನ ಜಾಗದಲ್ಲಿಡಿ. ಎರಡು ಮೂರು ದಿನದಲ್ಲಿ ಬಲೂನು ಎದ್ದು ನಿಂತು, ಬಗ್ಗಡಕ್ಕೆ ಹುಳಿ ವಾಸನೆ ಇಲ್ಲದಿದ್ದರೆ ತೊಟ್ಟಿಗೆ ಜೀವ ಇದೆ, ಸೋರಿಕೆ ಹುಡುಕಿ. ಬಲೂನು ಜೋತುಬಿದ್ದೇ ಇದ್ದರೆ ಅಥವಾ ಹುಳಿ ವಾಸನೆ ಹೊಡೆದರೆ ಸಗಣಿ ಹಾಕುವ ಕ್ರಮ ನೋಡಬೇಕು.

ಎರಡನೇ ರಾತ್ರಿ ಇನ್ನೊಂದು ಪರೀಕ್ಷೆ. ಈ ಸಲ ಮೇನ್ ವಾಲ್ವ್ ತೆರೆದಿಡಿ, ಒಲೆಯ ನಲ್ಲಿ ಮಾತ್ರ ಮುಚ್ಚಿ. ವಾಲ್ವ್ ಮುಚ್ಚಿದ ರಾತ್ರಿ ತೂಬಿನವರೆಗೆ ಏರಿದ್ದ ಬಗ್ಗಡ ಈ ರಾತ್ರಿ ಏರಲಿಲ್ಲ ಅಂದರೆ ಗ್ಯಾಸ್ ಪೈಪಿನಲ್ಲಿ ಸೋರುತ್ತಿದೆ. ಇದನ್ನು ಬಿಟ್ಟು ಹೊಸ ಒಲೆ ತಂದವರನ್ನು ನೋಡಿದ್ದೇನೆ. ದುಡ್ಡು ದಂಡ, ಅಲ್ವಾ?

ಒಲೆಯ ಮುಂದೆ ನಿಲ್ಲುವವರನ್ನು ಕೇಳಿ

ರಿಪೇರಿಗೆ ಹೋದ ಕಡೆ ಯಜಮಾನರು ಅಂಗಳದಲ್ಲಿ ನಿಂತು ತೊಟ್ಟಿ ತೋರಿಸುತ್ತಾರೆ. ಆದರೆ ದೋಷದ ಗುರುತು ಗೊತ್ತಿರುವುದು ಅಡುಗೆ ಮನೆಯಲ್ಲಿರುವವರಿಗೆ. ಶಿಡ್ಲಘಟ್ಟದ ಹತ್ತಿರ ಒಂದು ಮನೆಯಲ್ಲಿ ಕೇಳಿದೆ: "ಅಕ್ಕಾ, ಹಚ್ಚಿದ ತಕ್ಷಣ ಚೆನ್ನಾಗಿ ಬರುತ್ತಾ, ಇಲ್ಲ ಮೊದಲಿಂದಲೇ ಸಣ್ಣಗಾ?"

"ಮೊದಲು ಬುಸ್ ಅಂತ ಬರುತ್ತೆ ಅಣ್ಣಾ. ಅನ್ನ ಕುದಿಯೋ ಹೊತ್ತಿಗೆ ಲಕ್ ಲಕ್ ಅಂತ ಕುಣಿಯುತ್ತೆ. ಆಮೇಲೆ ತಾನೇ ಆರಿಹೋಗುತ್ತೆ."

ಇನ್ನೇನು ಬೇಕು? ಪೈಪಿನಲ್ಲಿ ನೀರು ನಿಂತಿದೆ ಅಂತ ಆ ಅಕ್ಕನ ಮಾತಿನಲ್ಲೇ ಇತ್ತು. ತೊಟ್ಟಿಯಿಂದ ಬರುವ ಗ್ಯಾಸಿನಲ್ಲಿ ನೀರಿನ ಆವಿ ತುಂಬಿರುತ್ತದೆ. ರಾತ್ರಿ ತಂಪಿಗೆ ಪೈಪಿನೊಳಗೆ ಅದು ಹನಿಯಾಗಿ ತಗ್ಗಿನ ಜಾಗಕ್ಕೆ ಇಳಿಯುತ್ತದೆ. ಡೋಮ್ ತುಂಬಿರುವಾಗ ಒತ್ತಡ ಜಾಸ್ತಿ, ನೀರನ್ನು ತಳ್ಳಿಕೊಂಡು ಗ್ಯಾಸ್ ಬರುತ್ತದೆ. ಒತ್ತಡ ಇಳಿದಂತೆ ನೀರು ಗೆಲ್ಲುತ್ತದೆ. ಒಳಗೆ ಇನ್ನೂ ಗ್ಯಾಸ್ ಇದ್ದರೂ ಒಲೆ ಆರುತ್ತದೆ.

ಆ ಮನೆಯಲ್ಲಿ ಕೊಟ್ಟಿಗೆಯಿಂದ ಅಡುಗೆ ಮನೆಗೆ ಅಂಗಳದ ಮೇಲೆ ಪೈಪ್ ಎಳೆದಿದ್ದರು. ಎರಡು ಕಂಬದ ನಡುವೆ ಆಸರೆ ಇಲ್ಲ. ಅದರ ಮೇಲೆ ದಿನಾ ಒದ್ದೆ ಬಟ್ಟೆ ಒಣಹಾಕುತ್ತಿದ್ದರು. ಪೈಪು ನಡುವೆ ಒಂದು ಗೇಣು ಜಗ್ಗಿತ್ತು. ಮೇನ್ ವಾಲ್ವ್ ಮುಚ್ಚಿ, ಒಲೆ ಕಡೆಯ ತುದಿ ಬಿಚ್ಚಿ, ಜಗ್ಗಿದ ಜಾಗ ಎತ್ತಿ ಹಿಡಿದಾಗ ಚೊಂಬಿನ ತುಂಬ ಕಪ್ಪು ನೀರು ಬಂತು. ನಡುವೆ ಎರಡು ಆಸರೆ ಕೊಟ್ಟೆವು, ಅತಿ ತಗ್ಗಿನಲ್ಲಿ ಮೂರು ಬಾಯಿಯ ಒಂದು ಟೀ ಜೋಡಣೆ ಹಾಕಿ ಕೆಳಗೆ ನಲ್ಲಿ ಕೂರಿಸಿದೆವು. ಬಟ್ಟೆಗೆ ಬೇರೆ ಹಗ್ಗ ಕಟ್ಟಿದರು. ಅಷ್ಟೇ ರಿಪೇರಿ.

ಪೈಪಿಗೆ 100 ಅಡಿಗೆ 1 ಅಡಿಯಾದರೂ ಇಳಿಜಾರು ಬೇಕು. ಇಳಿಜಾರು ಡೋಮಿನ ಕಡೆಗೆ ಇರಲಿ ಅಥವಾ ನೀರು ಬಿಡುವ ನಲ್ಲಿಯ ಕಡೆಗೆ ಇರಲಿ. ಆ ನಲ್ಲಿಯನ್ನು ವಾರಕ್ಕೊಮ್ಮೆ, ಚಳಿಗಾಲದಲ್ಲಿ ಇನ್ನೂ ಬೇಗ ಬೇಗ ಬಿಟ್ಟು ನೀರು ಬಸಿಯಿರಿ. ನೀರು ಹೋಗಿ ಗ್ಯಾಸ್ ಬರಲು ಶುರುವಾದ ತಕ್ಷಣ ಮುಚ್ಚಿ.

ಸೋರಿಕೆ ಹುಡುಕಲು ಸೋಪಿನ ನೀರು ಬಿಟ್ಟು ಬೇರೇನೂ ಬಳಸಬೇಡಿ. ಬಟ್ಟೆ ಸೋಪು ಕದಡಿ ನೊರೆ ಮಾಡಿ, ಪ್ರತಿ ಜೋಡಣೆಗೂ ಬಳಿಯಿರಿ. ಗುಳ್ಳೆ ಎದ್ದ ಕಡೆ ಸೋರಿಕೆ. ಬೆಂಕಿಕಡ್ಡಿ ಗೀರಿ ಹುಡುಕುವವರಿದ್ದಾರೆ. ಕೈ ಮುಗಿದು ಹೇಳುತ್ತೇನೆ, ಬೇಡ. ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15 ಭಾಗ ಬೆರೆತರೆ ಅದು ಸಿಡಿಯುತ್ತದೆ. ಮೊದಲು ನೋಡಬೇಕಾದ ಜಾಗಗಳು: ಡೋಮಿನ ತುದಿಯಲ್ಲಿ ಪೈಪ್ ಹೊರಬರುವ ಬುಡ, ಮೇನ್ ವಾಲ್ವಿನ ಹಿಡಿ, ಒಲೆಯ ರಬ್ಬರ್ ಟ್ಯೂಬು. ಈ ಗ್ಯಾಸಿನಲ್ಲಿ ಸ್ವಲ್ಪ ಗಂಧಕದ ಅನಿಲ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಕಬ್ಬಿಣದ ವಾಲ್ವನ್ನು ಅದು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಚೆನ್ನಾಗಿದ್ದರೂ ಒಳಗೆ ತುಕ್ಕು ಹಿಡಿದು ವಾಲ್ವ್ ಸರಿಯಾಗಿ ಮುಚ್ಚುವುದೂ ಇಲ್ಲ, ತೆರೆಯುವುದೂ ಇಲ್ಲ.

ಒಲೆ

ನಲ್ಲಿ ತಿರುಗಿಸಿದರೆ ಬುಸ್ ಅನ್ನುವ ಸದ್ದು ಇದೆ, ಉರಿ ಮಾತ್ರ ಸರಿ ಇಲ್ಲ ಅಂದರೆ ಒಲೆ ನೋಡಿ. ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಗಾಳಿ ಸಾಲುತ್ತಿಲ್ಲ. ಬರ್ನರ್ ಕೊಳವೆಯ ಹಿಂದಿನ ಗಾಳಿ ಕಿಂಡಿ ತೆರೆಯಿರಿ. ಉರಿ ಬರ್ನರ್ ಬಿಟ್ಟು ಮೇಲೆ ಹಾರಿ ಆರುತ್ತಿದ್ದರೆ ಗಾಳಿ ಅಥವಾ ಒತ್ತಡ ಜಾಸ್ತಿ. ಬೆಳಗ್ಗೆ ಡೋಮ್ ತುಂಬಿರುವಾಗ ಇದು ಸಾಮಾನ್ಯ, ಮೇನ್ ವಾಲ್ವ್ ಸ್ವಲ್ಪ ಮುಚ್ಚಿ. ಒಂದು ಬದಿ ಮಾತ್ರ ಉರಿಯುತ್ತಿದ್ದರೆ ಅನ್ನದ ಗಂಜಿ ಉಕ್ಕಿ ರಂಧ್ರ ಕಟ್ಟಿರುತ್ತದೆ. ಸ್ವಲ್ಪ ದಿನ ಬಳಸದೆ ಬಿಟ್ಟ ಒಲೆಯ ಕೊಳವೆಯಲ್ಲಿ ಜೇಡ ಬಲೆಯನ್ನೋ ಕಣಜದ ಹುಳು ಮಣ್ಣಿನ ಗೂಡನ್ನೋ ಕಟ್ಟಿರುತ್ತದೆ. ಬಿಚ್ಚಿ ಒಂದು ತಂತಿ ಆಡಿಸಿ.

ಸಿಲಿಂಡರ್ ಒಲೆಯನ್ನೇ ಗೋಬರ್ ಗ್ಯಾಸಿಗೆ ಜೋಡಿಸಿ "ಉರಿಯೇ ಇಲ್ಲ" ಅನ್ನುವವರು ಈಗ ಜಾಸ್ತಿಯಾಗಿದ್ದಾರೆ. ಅದು ಉರಿಯುವುದು ಕಷ್ಟ. ಗೋಬರ್ ಗ್ಯಾಸಿನಲ್ಲಿ ನೂರಕ್ಕೆ 55ರಿಂದ 65 ಭಾಗ ಮಾತ್ರ ಮೀಥೇನ್, ಉಳಿದದ್ದು ಹೆಚ್ಚುಕಡಿಮೆ ಇಂಗಾಲದ ಡೈಆಕ್ಸೈಡ್. ಹಾಗಾಗಿ ಗ್ಯಾಸ್ ಚಿಮ್ಮುವ ಜೆಟ್ಟಿನ ತೂತು ದೊಡ್ಡದಿರಬೇಕು, ಬೆರೆಯುವ ಗಾಳಿ ಕಮ್ಮಿ ಇರಬೇಕು. ಗೋಬರ್ ಗ್ಯಾಸಿನ ಒಲೆಯನ್ನೇ ಕೊಳ್ಳಿ.

ತೊಟ್ಟಿಗೆ ಏನು ಹೋಗುತ್ತಿದೆ?

ಗ್ಯಾಸ್ ಹುಟ್ಟುವುದೇ ಕಮ್ಮಿ ಅಂತ ಗೆರೆ ಹೇಳಿದರೆ, ನಾನು ಮೊದಲು ನೋಡುವುದು ಸಗಣಿ ಕಲಸುವ ತೊಟ್ಟಿಯನ್ನು. ಒಂದು ಪಾಲು ಸಗಣಿಗೆ ಒಂದು ಪಾಲು ನೀರು. ಗಂಟು ಒಡೆದು ಕೈಯಾಡಿಸಿ ಕಲಸಿದಾಗ ಅಂಬಲಿ ಹದಕ್ಕೆ ಬರಬೇಕು. ಈಗ ಕೊಟ್ಟಿಗೆಗೆ ರಬ್ಬರ್ ಮ್ಯಾಟ್ ಹಾಕಿ ಪೈಪಿನಲ್ಲಿ ನೀರು ಹೊಡೆದು ತೊಳೆಯುತ್ತಾರೆ. ಆ ನೀರೆಲ್ಲ ಹಾಗೇ ಒಳಗೆ ಹೋಗುತ್ತದೆ. 40 ದಿನ ಒಳಗಿದ್ದು ಕೊಳೆಯಬೇಕಾದ ಸಗಣಿ ಅದರ ಅರ್ಧದಷ್ಟು ದಿನಕ್ಕೇ ತಳ್ಳಿಸಿಕೊಂಡು ಹೊರಗೆ ಬರುತ್ತದೆ. ಔಟ್‌ಲೆಟ್ಟಿನಲ್ಲಿ ಹಸಿ ಸಗಣಿಯ ವಾಸನೆ, ನೊಣ ಜಾಸ್ತಿ ಇದ್ದರೆ ಇದೇ ಕಾರಣ. ಚೆನ್ನಾಗಿ ಕೊಳೆತ ಬಗ್ಗಡಕ್ಕೆ ವಾಸನೆ ತೀರಾ ಕಮ್ಮಿ, ನೊಣ ಕೂರುವುದಿಲ್ಲ. ತೊಳೆದ ನೀರಿಗೆ ಬೇರೆ ಕಾಲುವೆ ಮಾಡಿ ತಿಪ್ಪೆಗೋ ಹುಲ್ಲಿನ ಮಡಿಗೋ ಬಿಡಿ.

ರಾಗಿ ಹುಲ್ಲು ಇನ್ನೊಂದು ಕಾಟ. ಹಸು ತಿಂದು ಬಿಟ್ಟ ಎಳೆಗಳು ಸಗಣಿಯ ಜೊತೆ ಹೋಗುತ್ತವೆ. ಅವು ಮುಳುಗುವುದಿಲ್ಲ. ಮೇಲೆ ತೇಲಿ, ಹೆಣೆದುಕೊಂಡು, ದಪ್ಪ ಕೆನೆ ಕಟ್ಟುತ್ತವೆ. ಕೆಳಗೆ ಹುಟ್ಟಿದ ಗ್ಯಾಸಿಗೆ ಮೇಲೆ ಬರಲು ದಾರಿ ಸಿಗುವುದಿಲ್ಲ. ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಹಿಪ್ಪುನೇರಳೆ ಕಡ್ಡಿಯೂ ಸೇರುತ್ತದೆ. ಕಲಸುವಾಗಲೇ ಕೈಯಿಂದ ಆರಿಸಿ ತೆಗೆಯಿರಿ. ಕಟ್ಟಿದ ಕೆನೆಯನ್ನು ಇನ್‌ಲೆಟ್ ಪೈಪಿನಲ್ಲಿ ಉದ್ದ ಬಿದಿರು ಇಳಿಸಿ ದಿನಾ ಹತ್ತಾರು ಸಲ ಮೇಲೆ ಕೆಳಗೆ ಆಡಿಸಿದರೆ ಸಾಮಾನ್ಯವಾಗಿ ಒಡೆಯುತ್ತದೆ. ಮಣ್ಣಿನ ನೆಲದ ಕೊಟ್ಟಿಗೆಯಾದರೆ ಸಗಣಿಯ ಜೊತೆ ಕೆಂಪು ಮಣ್ಣು, ಮರಳು ಬಂದು ತಳದಲ್ಲಿ ಕೂರುತ್ತವೆ. ವರ್ಷ ಕಳೆದಂತೆ ತೊಟ್ಟಿಯೇ ಚಿಕ್ಕದಾಗುತ್ತದೆ. ಇದೊಂದಕ್ಕೆ ಖಾಲಿ ಮಾಡಿಸುವುದು ಬಿಟ್ಟರೆ ದಾರಿ ಇಲ್ಲ. ಕಲಸಿದ ಬಗ್ಗಡವನ್ನು ಒಂದು ನಿಮಿಷ ನಿಲ್ಲಿಸಿ, ಕಲ್ಲು ಮಣ್ಣು ತಳಕ್ಕೆ ಇಳಿದ ಮೇಲೆ ಒಳಗೆ ಬಿಟ್ಟರೆ ಆ ದಿನ ಬಹಳ ಮುಂದಕ್ಕೆ ಹೋಗುತ್ತದೆ.

ಈಗ ವಿಷದ ಮಾತು. ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳಿಗೆ ಗಾಳಿ ಆಗದು, ಔಷಧಿ ಆಗದು. ನಮ್ಮ ಕಡೆ ಹಸು, ಹುಳು ಎರಡೂ ಒಂದೇ ಅಂಗಳದಲ್ಲಿ ಇರುತ್ತವೆ. ಒಂದು ಬೆಳೆ ಗೂಡು ಮಾರಿ, ಮುಂದಿನ ಚಾಕಿ, ಅಂದರೆ ಮರಿ ಹುಳು, ತರುವ ಮೊದಲು ಹುಳು ಮನೆಯನ್ನು ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹಾಕಿ ತೊಳೆಯುತ್ತಾರೆ. ತೊಳೆಯಲೇಬೇಕು, ಇಲ್ಲದಿದ್ದರೆ ಹುಳುವಿಗೆ ರೋಗ. ಆದರೆ ಆ ನೀರು ಕೊಟ್ಟಿಗೆಯ ಕಾಲುವೆಗೆ ಸೇರಿ ಗೋಬರ್ ಗ್ಯಾಸಿಗೆ ಹೋದರೆ ಅಲ್ಲಿಯೂ ಅದು ತನ್ನ ಕೆಲಸ ಮಾಡುತ್ತದೆ. "ಪ್ರತಿ ಬೆಳೆ ಮುಗಿದ ಮೇಲೆ ಗ್ಯಾಸ್ ನಿಲ್ಲುತ್ತೆ, ಆಮೇಲೆ ತಾನೇ ಬರುತ್ತೆ" ಅಂತ ಯಾರಾದರೂ ಹೇಳಿದರೆ ನಾನು ಬೇರೇನೂ ನೋಡದೆ ಕಾಲುವೆ ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತೇನೆ. ಫಿನಾಯಿಲ್, ಸೋಪಿನ ನೀರು, ಹಸುವಿನ ಮೈಯ ಉಣ್ಣಿಗೆ ಹೊಡೆಯುವ ಔಷಧಿಯೂ ಹೀಗೇ. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡಿಸಿದ ಹಸುವಿನ ಸಗಣಿ, ಗಂಜಲವನ್ನು ಚಿಕಿತ್ಸೆ ಮುಗಿದು ಕೆಲವು ದಿನದವರೆಗೆ ತಿಪ್ಪೆಗೆ ಹಾಕಿ.

ಹುಳಿಯಾಗುವುದು ಬೇರೆ ಕಥೆ. ಟೊಮೆಟೊ ಬೆಲೆ ಬಿದ್ದಾಗ ಚಿಂತಾಮಣಿ, ಕೋಲಾರದ ಕಡೆ ಹಣ್ಣು ರಸ್ತೆ ಬದಿಗೆ ಸುರಿಯುವುದನ್ನು ನೋಡಿದ್ದೀರಿ. ಸುಮ್ನೆ ಕೊಳೆಯುವುದಕ್ಕಿಂತ ಗ್ಯಾಸ್ ಆಗಲಿ ಅಂತ ಬುಟ್ಟಿಗಟ್ಟಲೆ ತೊಟ್ಟಿಗೆ ಹಾಕಿಬಿಡುತ್ತಾರೆ. ಯೋಚನೆ ಒಳ್ಳೆಯದೇ. ಆದರೆ ಒಳಗೆ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಒಂದು ಗುಂಪಿನ ಸೂಕ್ಷ್ಮಜೀವಿಗಳು ತಿಂಡಿಯನ್ನು ಹುಳಿ ಮಾಡುತ್ತವೆ, ಇನ್ನೊಂದು ಗುಂಪು ಆ ಹುಳಿಯನ್ನು ಮೀಥೇನ್ ಮಾಡುತ್ತದೆ. ಮೊದಲನೆಯವು ಚುರುಕು, ಎರಡನೆಯವು ನಿಧಾನ. ಹಣ್ಣು, ಹಳಸಿದ ಅನ್ನ ಒಂದೇ ಸಲ ಜಾಸ್ತಿ ಬಿದ್ದರೆ ಹುಳಿ ರಾಶಿಯಾಗುತ್ತದೆ, ಮೀಥೇನ್ ಮಾಡುವವು ಕೈಚೆಲ್ಲುತ್ತವೆ. ಆಗ ಔಟ್‌ಲೆಟ್ ಮಟ್ಟ ಏರುತ್ತದೆ, ಒಲೆಯಲ್ಲಿ ಬುಸ್ ಅನ್ನುತ್ತದೆ, ಕಡ್ಡಿ ಗೀರಿದರೆ ಹೊತ್ತುವುದಿಲ್ಲ. ಬರುತ್ತಿರುವುದು ಬಹುಪಾಲು ಇಂಗಾಲದ ಡೈಆಕ್ಸೈಡ್. ಗ್ಯಾಸ್ ಇದೆ, ಉರಿ ಇಲ್ಲ ಅನ್ನುವ ಈ ದೋಷಕ್ಕೆ ಜನ ತುಂಬ ಗಾಬರಿಯಾಗುತ್ತಾರೆ.

ಹುಳಿ ಅಳೆಯುವ ಪಿಎಚ್ ಕಾಗದ ಸಿಕ್ಕರೆ ಬಗ್ಗಡದಲ್ಲಿ ಅದ್ದಿ ನೋಡಿ. 6.8ರಿಂದ 7.5ರ ನಡುವೆ ಇದ್ದರೆ ಆರೋಗ್ಯ. 6.5ಕ್ಕಿಂತ ಕೆಳಗಿದ್ದರೆ ಹುಳಿಯಾಗಿದೆ. ಮದ್ದು ಸಿಂಪಲ್, ತಾಳ್ಮೆ ಬೇಕು. ಹಾಕುವುದನ್ನು ಪೂರ್ತಿ ನಿಲ್ಲಿಸಿ. ಉರಿಯದ ಗ್ಯಾಸನ್ನು ಹೊರಗೆ ಬಯಲಿಗೆ ಬಿಡಿ. ಚೆನ್ನಾಗಿ ನಡೆಯುತ್ತಿರುವ ಪಕ್ಕದ ಮನೆಯ ಔಟ್‌ಲೆಟ್ಟಿನಿಂದ ಕೆಲವು ಬಕೆಟ್ ಬಗ್ಗಡ ತಂದು ಇನ್‌ಲೆಟ್ಟಿಗೆ ಹಾಕಿ. ವಾರ, ಹತ್ತು ದಿನ ಕಾಯಿರಿ. ಉರಿ ಹೊತ್ತಿದ ಮೇಲೆ ಕಾಲು ಪಾಲು ಸಗಣಿಯಿಂದ ಶುರು ಮಾಡಿ ನಿಧಾನವಾಗಿ ಏರಿಸಿ. ಸುಣ್ಣ ಹಾಕುತ್ತಾರೆ ಅಂತ ಕೇಳಿ ಚೀಲಗಟ್ಟಲೆ ಸುರಿಯಬೇಡಿ. ಬೇಕೇ ಬೇಕಾದರೆ ತಿಳಿ ಸುಣ್ಣದ ನೀರು, ಸ್ವಲ್ಪ ಸ್ವಲ್ಪ, ಮರುದಿನ ಅಳೆದು ನೋಡಿ.

ಚಳಿಗೂ ಗ್ಯಾಸ್ ಕಮ್ಮಿಯಾಗುತ್ತದೆ. ಈ ಜೀವಿಗಳಿಗೆ 30ರಿಂದ 35 ಡಿಗ್ರಿ ಹಿತ. ಡಿಸೆಂಬರ್, ಜನವರಿಯಲ್ಲಿ, ಅದರಲ್ಲೂ ನಂದಿ ಬೆಟ್ಟದ ತಪ್ಪಲಿನಲ್ಲಿ, ಉರಿ ಕಮ್ಮಿಯಾದರೆ ಗಾಬರಿ ಬೇಡ. ಸಗಣಿ ಜಾಸ್ತಿ ಹಾಕಿದರೆ ಕೊಳೆಯದೆ ಹೊರಗೆ ಬರುತ್ತದೆ ಅಷ್ಟೆ. ಬಿಸಿಲಿಗಿಟ್ಟ ನೀರಿನಲ್ಲಿ ಮಧ್ಯಾಹ್ನ ಕಲಸಿ ಹಾಕಿ. ಡೋಮಿನ ಮೇಲೆ ಒಣ ಹುಲ್ಲು ಹೊದಿಸಿ.

ಡೋಮಿನ ಬಿರುಕು

ಮೊದಲು ತುದಿಯ ಪೈಪಿನ ಬುಡದ ಮಣ್ಣು ತೆಗೆದು ಸೋಪಿನ ನೀರು ಸುರಿಯಿರಿ. ಅಲ್ಲೇ ಸೋರುತ್ತಿದ್ದರೆ ಕೆಲಸ ಹಗುರ. ಬಿರುಕು ಡೋಮಿನ ಗೋಡೆಯಲ್ಲಿದ್ದರೆ ಹೊರಗಿನಿಂದ ಸಿಮೆಂಟ್ ಮೆತ್ತಿ ಪ್ರಯೋಜನ ಇಲ್ಲ, ಒಳಗಿನ ಒತ್ತಡ ಅದನ್ನು ಎಬ್ಬಿಸುತ್ತದೆ. ಒಳಗಿನಿಂದಲೇ ಕೆರೆದು, ಸಿಮೆಂಟ್ ಹಾಲು ಬಳಿದು, ಗಾರೆ ಹಾಕಿ, ಗ್ಯಾಸ್ ಬಿಡದ ಬಣ್ಣ ಹೊಡೆಯಬೇಕು. ಇದು ದೀನಬಂಧು ಕಟ್ಟಿ ಪಳಗಿದ ಗಾರೆಯವರ ಕೆಲಸ. ಡೋಮಿನ ಮೇಲೆ ಮಣ್ಣು ಸವೆದು ಇಟ್ಟಿಗೆ ಕಾಣುತ್ತಿದ್ದರೆ ತಕ್ಷಣ ಮಣ್ಣು ಮುಚ್ಚಿ. ಒಳಗಿನ ಒತ್ತಡಕ್ಕೆ ಎದುರು ನಿಲ್ಲುವುದು ಆ ಮಣ್ಣಿನ ಭಾರ. ಪಕ್ಕದಲ್ಲಿ ಟ್ರಾಕ್ಟರ್ ಓಡಿಸಬೇಡಿ, ಮರ ನೆಡಬೇಡಿ.

ತೊಟ್ಟಿಗೆ ಇಳಿಯುವ ಮಾತು

ಬಿರುಕೋ ಮಣ್ಣೋ, ಖಾಲಿ ಮಾಡಲೇಬೇಕು ಅಂತ ಬಂದರೆ, ಯಾರೂ ಒಳಗೆ ಇಳಿಯದೆ ಹೊರಗಿನಿಂದಲೇ ಮಾಡಿ. ಸ್ಲರಿ ಪಂಪ್ ಇಳಿಸಿ ಅಥವಾ ಹಗ್ಗ ಕಟ್ಟಿದ ಬಕೆಟ್ಟಿನಿಂದ ಎತ್ತಿ. ಅದಕ್ಕೂ ಮೊದಲು ಅಡುಗೆ ಮನೆಯ ಪೈಪ್ ಬಿಚ್ಚಿ, ಮೇನ್ ವಾಲ್ವ್ ಪೂರ್ತಿ ತೆರೆದು ಗ್ಯಾಸನ್ನು ಬಯಲಿಗೆ ಬಿಡಿ. ಸುತ್ತ ಬೆಂಕಿ ಇರಬಾರದು. ವಾಲ್ವ್ ಮುಚ್ಚಿಟ್ಟು ಬಗ್ಗಡ ಎತ್ತಿದರೆ ಒಳಗೆ ನಿರ್ವಾತವಾಗಿ ಡೋಮಿಗೆ ಪೆಟ್ಟು.

ಖಾಲಿಯಾದ ಮೇಲೂ ಒಳಗೆ ಉಸಿರಾಡುವ ಗಾಳಿ ಇಲ್ಲ. ಇಂಗಾಲದ ಡೈಆಕ್ಸೈಡ್ ಭಾರ, ತಳದಲ್ಲೇ ಕೂತಿರುತ್ತದೆ. ತಳದ ಕೆಸರನ್ನು ಕದಡಿದರೆ ಗಂಧಕದ ಅನಿಲ ಮತ್ತೆ ಏಳುತ್ತದೆ. ಅದು ಜಾಸ್ತಿಯಾದಾಗ ಮೂಗು ಸೋತುಹೋಗುತ್ತದೆ, ವಾಸನೆಯೇ ಗೊತ್ತಾಗುವುದಿಲ್ಲ. "ವಾಸನೆ ಹೋಯಿತು, ಈಗ ಇಳಿ" ಅನ್ನುವುದು ಅದಕ್ಕೇ ಅಷ್ಟು ಅಪಾಯ. ಒಬ್ಬರು ಕುಸಿದರೆ ಅಣ್ಣ ತಮ್ಮಂದಿರು ಹಿಂದೆಯೇ ಧುಮುಕುತ್ತಾರೆ, ಅವರೂ ಮೇಲೆ ಬರುವುದಿಲ್ಲ. ಯಾರಾದರೂ ಕುಸಿದರೆ ಇಳಿಯಬೇಡಿ. ಹೊರಗಿನಿಂದ ಗಾಳಿ ಊದಿಸಿ, 112ಕ್ಕೆ ಫೋನ್ ಮಾಡಿ. ರಿಪೇರಿಗೆ ಇಳಿಯಲೇಬೇಕಾದ ಗಾರೆಯವರು ಕೂಡ ದಿನಗಟ್ಟಲೆ ಬಾಯಿ ತೆರೆದಿಟ್ಟು, ಬ್ಲೋವರ್ ಹಚ್ಚಿ ಗಾಳಿ ಆಡಿಸುತ್ತಲೇ, ಅನಿಲ ಅಳೆದು ನೋಡಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಎಳೆಯಲು ಇಬ್ಬರನ್ನು ನಿಲ್ಲಿಸಿಕೊಂಡೇ ಇಳಿಯಬೇಕು. ಅಷ್ಟು ಏರ್ಪಾಡು ಆಗದಿದ್ದರೆ ಆ ಸ್ಥಾವರ ಹಾಗೇ ಬಿದ್ದಿರಲಿ, ಪರವಾಗಿಲ್ಲ.

ಡ್ರಮ್ ಇರುವವರಿಗೆ

ಇಲ್ಲಿ ಗೆರೆ ಬೇಡ, ಡ್ರಮ್ಮೇ ಹೇಳುತ್ತದೆ. ಡ್ರಮ್ ಮೇಲೆದ್ದಿದೆ, ಒಲೆಗೆ ಬರುತ್ತಿಲ್ಲ ಅಂದರೆ ಪೈಪು. ಡ್ರಮ್ಮಿನ ಒತ್ತಡ ಸುಮಾರು 10 ಸೆಂಟಿಮೀಟರ್ ನೀರಿನಷ್ಟೇ, ಹಾಗಾಗಿ ಸ್ವಲ್ಪ ನೀರು ನಿಂತರೂ ದಾರಿ ಬಂದ್. ಡ್ರಮ್ ಏಳುತ್ತಲೇ ಇಲ್ಲ ಅಂದರೆ ಮೊದಲು ಅದು ಓರೆಯಾಗಿ ನಡುವಿನ ಕಂಬಕ್ಕೆ ಸಿಕ್ಕಿಕೊಂಡಿದೆಯೇ ನೋಡಿ. ಮೇಲ್ಭಾಗಕ್ಕೆ ಸೋಪಿನ ನೀರು ಹಾಕಿದರೆ ತುಕ್ಕಿನ ತೂತು ಕಾಣುತ್ತದೆ. ದಿನಾ ಡ್ರಮ್ಮನ್ನು ಆ ಕಡೆ ಈ ಕಡೆ ತಿರುಗಿಸಿದರೆ ಕೆನೆ ಒಡೆಯುತ್ತದೆ. ವರ್ಷಕ್ಕೊಮ್ಮೆ ಬಣ್ಣ ತಪ್ಪಿಸಬೇಡಿ.

ರಿಪೇರಿ ಆದ ಮೇಲೆ

ಡೋಮ್ ಅಥವಾ ಪೈಪ್ ಬಿಚ್ಚಿ ಮತ್ತೆ ಕೂಡಿಸಿದ ಮೇಲೆ ಒಳಗೆ ಗಾಳಿ ಸೇರಿರುತ್ತದೆ. ಮೊದಲು ಕೂಡಿದ ಗ್ಯಾಸನ್ನು ಒಲೆಗೆ ಹಚ್ಚಲೇಬೇಡಿ. ಬಯಲಿಗೆ ಬಿಡಿ, ಎರಡನೇ ಸಲ ತುಂಬಿದ್ದನ್ನೂ ಬಿಡಿ. ಖಾಲಿ ಮಾಡಿದ್ದ ತೊಟ್ಟಿಯಾದರೆ ಉರಿಯುವ ಗ್ಯಾಸ್ ಬರಲು ಎರಡು ಮೂರು ವಾರ ಹಿಡಿಯುತ್ತದೆ, ಪಕ್ಕದ ಮನೆಯ ಬಗ್ಗಡ ಬೆರೆಸಿದರೆ ಬೇಗ. ಪರೀಕ್ಷೆ ಮಾಡುವುದು ಅಡುಗೆ ಮನೆಯ ಒಲೆಯಲ್ಲಿ ಮಾತ್ರ, ಡೋಮಿನ ತುದಿಯಲ್ಲಿ ಯಾವತ್ತೂ ಬೇಡ. ಕಿಟಕಿ ತೆರೆಯಿರಿ. ಮೊದಲು ಕಡ್ಡಿ ಗೀರಿ ಹಿಡಿದು, ಆಮೇಲೆ ನಲ್ಲಿ ತಿರುಗಿಸಿ. ಹೊತ್ತಲಿಲ್ಲ ಅಂದರೆ ನಲ್ಲಿ ಮುಚ್ಚಿ ಮರುದಿನ ನೋಡಿ. ದಿನದ ಪೂರ್ತಿ ಪಾಲು ಸಗಣಿ ಹಾಕುವುದು ನೀಲಿ ಉರಿ ನಿಂತು ಉರಿಯಲು ಶುರುವಾದ ಮೇಲೆಯೇ.